ಡಬ್ಬಿಯಲ್ಲಿ ಕೊಟ್ಟ ಉಗುಳು

ಪರೀಕ್ಷೆಗೆ ಕಫ ಕೊಡುವುದಕ್ಕೂ ಒಂದು ಕ್ರಮವಿದೆ. ಬೆಳಿಗ್ಗೆ ಎದ್ದು ಚಹಾ ಕುಡಿಯುವ ಮೊದಲು ಬರೀ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಮನೆಯ ಹೊರಗೆ, ಗಾಳಿ ಆಡುವ ಕಡೆ, ಜನರಿಂದ ದೂರ ನಿಲ್ಲಬೇಕು. ಎರಡು ಮೂರು ಸಲ ಎದೆ ತುಂಬ ಉಸಿರೆಳೆದು ಬಿಟ್ಟು, ಆಮೇಲೆ ಹೊಟ್ಟೆ ಹಿಡಿದುಕೊಂಡು ಎದೆಯ ತಳದಿಂದ ಕೆಮ್ಮಬೇಕು. ಗಂಟಲಿನಿಂದ ಬಂದದ್ದು ನಡೆಯುವುದಿಲ್ಲ. ಬಂದದ್ದನ್ನು ಡಬ್ಬಿಗೆ ಹಾಕಿ ಮುಚ್ಚಳ ಗಟ್ಟಿಯಾಗಿ ತಿರುಗಿಸಬೇಕು. ಬನಹಟ್ಟಿಯ ಮಗ್ಗದ ಶೆಡ್ಡುಗಳಲ್ಲಿ ನಾನು ಇದನ್ನು ನಿಂತು ಮಾಡಿ ತೋರಿಸುತ್ತೇನೆ. ಜನ ನಗುತ್ತಾರೆ. ಎಪ್ಪತ್ತರ ಹತ್ತಿರದ ಮುದುಕನೊಬ್ಬ ಹೊಟ್ಟೆ ಹಿಡಿದುಕೊಂಡು ಸುಳ್ಳುಸುಳ್ಳೇ ಕೆಮ್ಮಿದರೆ ಯಾರಿಗೆ ನಗು ಬರುವುದಿಲ್ಲ?

ಈ ಕ್ರಮ ನನಗೆ ಇಷ್ಟು ಚೆನ್ನಾಗಿ ಬರಲು ಕಾರಣ, ಒಮ್ಮೆ ನಾನು ಅದನ್ನು ಬೇಕೆಂದೇ ತಪ್ಪಾಗಿ ಮಾಡಿದ್ದು. ಅದನ್ನು ಬಾಯಲ್ಲಿ ಹೇಳಿದ್ದೇನೆ, ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಹೇಳುವಾಗ ಗಡಿಬಿಡಿಯಲ್ಲಿ ಕೆಲವು ಮಾತು ಜಾರಿ ಹೋಗುತ್ತವೆ. ಜಾರುವುದು ಯಾವಾಗಲೂ ನನಗೆ ನೋವಾಗುವ ಮಾತೇ. ಬರೆದರೆ ಹಾಗಾಗಲಿಕ್ಕಿಲ್ಲ ಎಂದು ಈಗ ಬರೆಯುತ್ತಿದ್ದೇನೆ. ನಾನು ಮೆಟ್ರಿಕ್ ಮುಗಿಸಿ ಮಗ್ಗಕ್ಕೆ ಕೂತವನು. ಬರವಣಿಗೆಯ ರೂಢಿಯಿಲ್ಲ.

ನಾನಿದ್ದದ್ದು ಆರು ಪವರ್‌ಲೂಮಿನ ಶೆಡ್ಡಿನಲ್ಲಿ. ಮೂಲೆಯಲ್ಲಿ ಒಬ್ಬಳು ಹೆಣ್ಣುಮಗಳು ಕೂತು ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆಯೆಂದರೆ ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಸುರುಳಿ. ಆಕೆ ವಿಧವೆ, ನನಗಿಂತ ಹದಿನೈದು ವರ್ಷ ಚಿಕ್ಕವಳು, ಎರಡು ಓಣಿಯಾಚೆ ಒಂದು ಖೋಲಿಯಲ್ಲಿ ಒಬ್ಬಳೇ ಇದ್ದಳು. ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ಒಣಗಾಳಿ ಬಡಿದರೆ ಎಳೆ ಪಟಪಟ ಹರಿಯುತ್ತದೆಂದು ನಾವು ಶೆಡ್ಡಿನ ಕಿಟಕಿಗಳಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿದ್ದೆವು. ಒಳಗಿನ ಗಾಳಿ ಒಳಗೇ ಸುತ್ತುತ್ತಿತ್ತು. ಹೊಸ ಕಂಡಿಕೆ ಹಾಕಿದಾಗ ಎಳೆಯನ್ನು ಲಾಳಿಯ ತೂತಿನಿಂದ ಹೊರಗೆ ತರಬೇಕು. ಅದಕ್ಕೆ ನಾವು ತೂತಿಗೆ ಬಾಯಿ ಹಚ್ಚಿ ಚೀಪುತ್ತಿದ್ದೆವು. ಎಳೆ ತಟ್ಟನೆ ತುಟಿಗೆ ಬರುತ್ತಿತ್ತು. ಯಾರ ಲಾಳಿ ಯಾರು ಚೀಪಿದರು ಎಂದು ಯಾರೂ ನೋಡುತ್ತಿರಲಿಲ್ಲ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಶೆಡ್ಡಿಗೆ ಬಂದಾಗಲೆಲ್ಲ ಆ ಚೀಲಗಳನ್ನೂ ಆ ಚೀಪುವುದನ್ನೂ ನೋಡಿ ಬೈಯುತ್ತಿದ್ದಳು. ಒಂದು ದಿನ ನನ್ನ ಮಗ್ಗದ ಹತ್ತಿರ ಬಂದು ನಿಂತಳು.

“ಎಷ್ಟ ದಿನಾ ಆತ್ರಿ ಕಾಕಾ, ಹಿಂಗ ಕೆಮ್ಮಾಕತ್ತು?”

“ನೂಲಿನ ಧೂಳವ್ವಾ ಇದು. ಮೂವತ್ತ ವರ್ಷದಿಂದ ಐತಿ.”

“ಮೂವತ್ತ ವರ್ಷದಿಂದ ಅಂಗಿನೂ ಹಿಂಗ ಜೋತ ಬೀಳಾಕತ್ತಿತ್ತೇನ್ರಿ?”

ಪಕ್ಕದ ಮಗ್ಗದವ ನಕ್ಕ. ಆಕೆ ನಗಲಿಲ್ಲ. ಚೀಲದಿಂದ ಡಬ್ಬಿ ತೆಗೆದು ನನ್ನ ಕೈಗಿಟ್ಟು, ಮೇಲೆ ಹೇಳಿದ ಕ್ರಮವನ್ನೆಲ್ಲ ಹೇಳಿದಳು. ನಾನು ಪೂರ್ತಿ ಕೇಳಿಸಿಕೊಂಡೆ. ಅರ್ಥವಾಗಲಿಲ್ಲ ಎಂದು ಹೇಳುವಂತಿಲ್ಲ.

ನಾನು ಸಣ್ಣವನಿದ್ದಾಗ ನನ್ನ ಅಣ್ಣನಿಗೆ ಕ್ಷಯ ಆಗಿತ್ತು. ಅವನನ್ನು ಹಿತ್ತಲಿನ ತಗಡಿನ ಕೆಳಗೆ ಹಾಕಿದ್ದರು. ಅವನು ಉಣ್ಣುವ ಗಂಗಾಳ ಬೇರೆ, ತಂಬಿಗೆ ಬೇರೆ. ಅವ್ವ ರೊಟ್ಟಿಯನ್ನು ದೂರದಲ್ಲಿಟ್ಟು ಬರುತ್ತಿದ್ದಳು, ನಾಯಿಗೆ ಇಟ್ಟ ಹಾಗೆ. ಅವನು ಅಲ್ಲೇ ತೀರಿಕೊಂಡ. ಸಾವಿಗಿಂತ ಆ ಗಂಗಾಳಕ್ಕೆ ನಾನು ಜೀವನವೆಲ್ಲ ಹೆದರಿದ್ದೆ. ಹಾಗಾಗಿ ಮರುದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದೆ, ಕೆಮ್ಮಲಿಲ್ಲ. ನಾಲಗೆ ಹೊರಳಿಸಿ ಬರೀ ಉಗುಳು ಕೂಡಿಸಿ ಡಬ್ಬಿಗೆ ಬಿಟ್ಟೆ.

“ನೀರ ನೀರ ಐತಲ್ರಿ ಕಾಕಾ,” ಎಂದಳು ಆಶಾ.

“ಬರೋದ ಇಷ್ಟವ್ವಾ,” ಎಂದೆ.

ಏನೂ ಇಲ್ಲವೆಂದು ಚೀಟಿ ಬಂತು. ಒಮ್ಮೆ ಇಲ್ಲವೆಂದರೆ ಮುಗಿಯಲಿಲ್ಲ, ಇನ್ನೊಂದು ಸಲ ಕೊಡಿ, ಜಮಖಂಡಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದು ಆಕೆ ಹೇಳಿದಳು. ಹೂಂ ಎಂದೆ, ಹೋಗಲಿಲ್ಲ. ಆ ಚೀಟಿಯನ್ನು ಶೆಡ್ಡಿನಲ್ಲಿ ಎಲ್ಲರಿಗೂ ತೋರಿಸಿದೆ. ಕಂಡಿಕೆಯ ಹೆಣ್ಣುಮಗಳು ಅದನ್ನು ಕೈಯಲ್ಲಿ ಹಿಡಿದು, ಓದಲು ಬರದಿದ್ದರೂ ತಿರುಗಿಸಿ ನೋಡಿ, “ಚಲೋ ಆತು ಬಿಡ್ರಿ ಅಣ್ಣಾ, ಜೀವಕ್ಕ ಸಮಾಧಾನ ಆತು,” ಎಂದಳು.

ಮೂರು ತಿಂಗಳಾದ ಮೇಲೆ ಆಕೆ ಕೆಮ್ಮತೊಡಗಿದಳು. ಆಶಾ ಆಕೆಗೂ ಡಬ್ಬಿ ಕೊಟ್ಟಳು. ಈಕೆ, ಹೇಳಿಕೊಟ್ಟ ಹಾಗೆಯೇ, ಎದೆಯಿಂದ ಕೆಮ್ಮಿ ಕೊಟ್ಟಳು, ಕ್ಷಯ ಇದೆಯೆಂದು ಗೊತ್ತಾಯಿತು. ಮುಚ್ಚಿಡಬಾರದೆಂದು ದವಾಖಾನೆಯಲ್ಲಿ ಹೇಳಿದ್ದನ್ನು ನಂಬಿ ಶೆಡ್ಡಿಗೆ ಬಂದು ತಾನೇ ಬಾಯಿಬಿಟ್ಟು ಹೇಳಿದಳು. ಮಾಲಕರು, ನೀನು ಆರಾಮಾಗುವತನಕ ಮನೆಯಲ್ಲಿರು ಎಂದರು. ಆಕೆ ಬಾಗಿಲು ದಾಟಿದ್ದೇ ತಡ ಒಬ್ಬೊಬ್ಬರೂ ಶುರು ಮಾಡಿದರು. ಆಕಿ ಕೈಯಾನ ಲಾಳಿ ನಾವು ಇಷ್ಟ ದಿನಾ ಚೀಪಿದ್ವಿ, ಆಕಿನ ತಂದಾಕಿ ಇದನ್ನ, ಒಬ್ಬಾಕಿನ ಇರ್ತಾಳ, ಎಲ್ಲಿಂದ ತಂದ್ಲೋ ಯಾರಿಗ್ಗೊತ್ತು. ಕೊನೆಯ ಮಾತಿನ ಅರ್ಥ ಎಲ್ಲರಿಗೂ ತಿಳಿಯಿತು. ನೀರಿನ ಹರವಿಯ ಹತ್ತಿರ ಆಕೆಯ ಸ್ಟೀಲಿನ ಗ್ಲಾಸೊಂದು ಇತ್ತು. ಮಾಲಕರು ಅದನ್ನು ಹೊರಗಿಡಿ ಎಂದಾಗ ಎದ್ದವನು ನಾನು. ಒಂದು ಅರಿವೆಯ ತುಂಡಿನಿಂದ ಹಿಡಿದು ಒಯ್ದು ಹೊರಗಿನ ಕಟ್ಟೆಯ ಮೇಲಿಟ್ಟೆ. ಅರಿವೆಯನ್ನೂ ಅಲ್ಲೇ ಎಸೆದೆ. ಆಗ ನನ್ನ ಎದೆಯಲ್ಲಿ ಕೆಮ್ಮು ಇತ್ತು, ಅದನ್ನು ಒಳಗೇ ಒತ್ತಿ ಹಿಡಿದು ಈ ಕೆಲಸ ಮಾಡಿದೆ.

ಹೇಳುವಾಗ ಜಾರಿ ಹೋಗುತ್ತಿದ್ದದ್ದು ಇದೇ.

ಮಾತು ಶೆಡ್ಡಿನಲ್ಲಿ ನಿಲ್ಲಲಿಲ್ಲ, ಓಣಿ ಓಣಿಗೂ ಹೋಯಿತು. ಮನೆಯಲ್ಲೇ ಸುತ್ತಿ ಕೊಡುತ್ತೇನೆಂದರೂ ಆಕೆಗೆ ಯಾರೂ ನೂಲು ಕೊಡಲಿಲ್ಲ. ಕೆಲವು ವಾರ ಗುಳಿಗೆ ನುಂಗಿದರೆ ಹರಡುವುದು ನಿಲ್ಲುತ್ತದೆ ಎಂದು ಆಶಾ ಮನೆಮನೆಗೆ ಹೇಳಿದರೂ ಕೇಳುವವರಿರಲಿಲ್ಲ. ಒಂದು ಸಂಜೆ ಆಶಾ ನಮ್ಮ ಮನೆಗೆ ಬಂದು ಕೂತಳು.

“ಕಾಕಾ, ಆಕಿ ಗುಳಿಗಿ ಬಿಟ್ಟಾಳ. ಎಂಟ ದಿನಾ ಆತು. ಆರಾಮಾಗಿ ಯಾರ ಮನಿಗೆ ಹೋಗ್ಲಿ ಅಂತಾಳ. ನಡುವ ಬಿಟ್ರ ಜೀವಕ್ಕ ಬರ್ತೈತ್ರಿ. ನೀವು ಹಿರ್ಯಾರು, ನಿಮ್ಮ ಚೀಟಿನೂ ಸಾಫ್ ಐತಿ. ನೀವು ಹೋಗಿ ಆಕಿ ಮುಂದ ಕುಂತ್ರ ಜನಕ್ಕೂ ಧೈರ್ಯ ಬರ್ತೈತಿ.”

ನನ್ನ ಹೆಂಡತಿ ಒಳಗಿನಿಂದ ನನ್ನ ಮುಖ ನೋಡಿದಳು. ಆಕೆಗೆ ಸಂಶಯವಿತ್ತೆಂದು ಈಗ ಅನಿಸುತ್ತದೆ. “ಹೋಗಿ ಬರ್ರಿ,” ಎಂದಷ್ಟೇ ಅಂದಳು.

ಹೋದೆ. ಆಕೆ ಖೋಲಿಯ ಮುಂದೆ ನನಗೊಂದು ಚಾಪೆ ಹಾಸಿ, ತಾನು ಎದ್ದು ದೂರದ ಹೊಸ್ತಿಲಿಗೆ ಹೋಗಿ ಕೂತಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

“ಅಲ್ಲೇ ಕೂಡ್ರಿ ಅಣ್ಣಾ. ನಿಮಗ ವಯಸ್ಸಾಗೈತಿ, ರೋಗ ಹತ್ತಬಾರ್ದು.”

ಗುಳಿಗೆ ಬಿಡಬೇಡ ಎಂದು ಹೇಳಲು ಹೋದವನಿಗೆ ಬಾಯಿ ತೆರೆದ ಕೂಡಲೇ ಕೆಮ್ಮು ಬಂತು. ಈ ಸಲ ಒತ್ತಿ ಹಿಡಿಯಲು ಆಗಲಿಲ್ಲ. ಬಹಳ ಹೊತ್ತು ಕೆಮ್ಮಿದೆ. ಆಕೆ ನೀರು ತರಲು ಎದ್ದು, ತನ್ನ ಮನೆಯ ನೀರು ಕೊಡುವುದೋ ಬೇಡವೋ ಎಂದು ತಂಬಿಗೆ ಹಿಡಿದು ನಿಂತೇ ಇದ್ದಳು. ಆಗ ನಾನು ಹೇಳಿದೆ. ಡಬ್ಬಿಯಲ್ಲಿ ಕೊಟ್ಟದ್ದು ಬರೀ ಉಗುಳು, ನನ್ನ ಕೆಮ್ಮು ನಿನ್ನದಕ್ಕಿಂತ ಮೊದಲಿನದು, ನಿನ್ನ ಗ್ಲಾಸನ್ನು ಅರಿವೆಯಲ್ಲಿ ಹಿಡಿದು ಹೊರಗಿಟ್ಟವನೂ ನಾನೇ.

ಆಕೆ ತಂಬಿಗೆ ಕೆಳಗಿಟ್ಟಳು. ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಬೇರೆ.

“ಆ ಚೀಟಿ ನನ್ನ ಕೈಯಾಗ ಕೊಟ್ರಲ್ಲ, ಆವಾಗ ನಿಮಗ ಗೊತ್ತಿತ್ತು?”

“ಗೊತ್ತಿತ್ತು.”

“ನಾ ಅದನ್ನ ನೋಡಿ ದೇವರಿಗೆ ಕೈ ಮುಗದಿದ್ನಿ.”

ಆಕೆ ಸೆರಗನ್ನು ಬಾಯಿಂದ ತೆಗೆದಳು. “ನಾಳೆ ಮುಂಜಾನೆ ಖರೆ ಕಫ ಕೊಡ್ರಿ. ನೀವು ಗುಳಿಗಿ ನುಂಗಿದ ದಿನಾ ನಾನೂ ನುಂಗ್ತೀನಿ. ಅಲ್ಲೀತನಕ ನನ್ನ ಮುಂದ ಬುದ್ಧಿ ಹೇಳಾಕ ಬರಬ್ಯಾಡ್ರಿ.”

ಮರುದಿನ ಬೆಳಿಗ್ಗೆ ಕೊಟ್ಟೆ. ಈ ಸಲ ಡಬ್ಬಿ ನೋಡಿ ಆಶಾ, “ಹಾಂ, ಇದು ಕಫಾ,” ಎಂದಳು. ಮೊದಲ ಸಲ ಕೊಟ್ಟದ್ದು ಬರೀ ಉಗುಳೆಂದು ನನ್ನ ಬಾಯಿಂದ ಕೇಳಿದ ಮೇಲೆ ಆಕೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ರೋಗ ಇತ್ತು. ಗುಳಿಗೆಯ ಹಾಳೆ ಕೈಗೆ ಬಂದ ದಿನವೇ ಆ ಖೋಲಿಯ ಮುಂದೆ ಹೋಗಿ ನಿಂತೆ. ಆಕೆ ತನ್ನ ಗುಳಿಗೆ ತಂದಳು.

“ಮೊದಲ ನೀವು.”

ನುಂಗಿದೆ.

“ನಾಲಗಿ ಎತ್ರಿ.”

ಎತ್ತಿದೆ. ಸಾಲೆಯ ಹುಡುಗನನ್ನು ನೋಡಿದ ಹಾಗೆ ಬಗ್ಗಿ ನೋಡಿ, ಆಮೇಲೆ ತಾನು ನುಂಗಿದಳು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಒಂದು ದಿನವೂ ನಾಲಗೆ ನೋಡುವುದನ್ನು ಬಿಡಲಿಲ್ಲ. ಮೊದಲ ದಿನ ನನ್ನ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿ ನನ್ನ ಹೆಂಡತಿ ಗಾಬರಿಯಾದಾಗ ಆಕೆಯೇ ಬಂದು, “ಗುಳಿಗಿ ಬಣ್ಣಾ ಅದು ವೈನಿ. ನೂಲ ಅದ್ದಿದ್ರ ಒಂದ ಸೀರಿ ಆಗ್ತಿತ್ತು,” ಎಂದಳು. ಮನೆಯಲ್ಲಿ ಬಹಳ ದಿನಕ್ಕೆ ನಗು ಕೇಳಿಸಿತು. ನನ್ನ ಹೆಂಡತಿಗೂ ಪರೀಕ್ಷೆ ಮಾಡಿ, ರೋಗ ಬಾರದಂತೆ ಮುಂಜಾಗ್ರತೆಯ ಗುಳಿಗೆ ಕೊಟ್ಟರು.

ಯಾರಿಂದ ಯಾರಿಗೆ ಹತ್ತಿತೆಂದು ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ಡಾಕ್ಟರರು ಹೇಳಿದ್ದರು. ಲಾಳಿಗಿಂತ ಆ ಮುಚ್ಚಿದ ಶೆಡ್ಡು, ಕೆಮ್ಮಿನ ಗಾಳಿಯೇ ದೊಡ್ಡ ಕಾರಣವಂತೆ. ಆ ಮಾತನ್ನು ನಾನು ಆಕೆಯ ಮುಂದೆ ಹೇಳಿದೆ. ನನಗೆ ಅದರಲ್ಲಿ ಸ್ವಲ್ಪ ಸಮಾಧಾನ ಸಿಕ್ಕಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

“ಡಾಕ್ಟರ್‌ಗ ಹೇಳಾಕ ಬರಲಿಕ್ಕಿಲ್ಲ,” ಎಂದಳು ಆಕೆ. “ಓಣಿ ಮಂದಿ ಹೇಳಿ ಮುಗಿಸ್ಯಾರಲ್ಲ, ನಾನ ತಂದಾಕಿ ಅಂತ. ಅಣ್ಣಾ, ಆ ಮಾತು ಎಷ್ಟ ಮನಿ ಮುಟ್ಟೈತೋ ಅಷ್ಟೂ ಮನಿಗೆ ಹೋಗಿ ನೀವು ಹೇಳಬೇಕು. ಅದು ಮುಗಿಯೂತನಕ ನಾ ಶೆಡ್ಡಿಗೆ ಕಾಲಿಡೂದಿಲ್ಲ.”

ನನ್ನಿಂದ ಇನ್ನು ಹರಡುವುದಿಲ್ಲ ಎಂದು ದವಾಖಾನೆಯವರು ಹೇಳಿದ ಮೇಲೆ ಶೆಡ್ಡಿನಿಂದಲೇ ಶುರು ಮಾಡಿದೆ. ಎಲ್ಲ ಮಗ್ಗ ನಿಲ್ಲಿಸಲು ಹೇಳಿ, ನಿಂತು ಹೇಳಿದೆ. ಮಾಲಕರ ಮುಖ ಕೆಂಪಾಯಿತು. “ಇಷ್ಟ ದಿನಾ ಬಾಯಾಗ ಏನ ನೂಲ ತುಂಬಿಕೊಂಡಿದ್ಯೋ?” ಎಂದರು. ಪಕ್ಕದ ಮಗ್ಗದವ ತನ್ನ ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ, “ಹಂಗಾರ ಆ ಯವ್ವನ್ನ ಬೈಕೋತ ನಾವು ಚೀಪಿದ್ದು ನಿನ್ನ ಎಂಜಲಾ?” ಎಂದ. ಒಬ್ಬಿಬ್ಬರು ನಕ್ಕರು, ಒಬ್ಬ ಎದ್ದು ಹೊರಗೆ ಹೋದ. ಎಲ್ಲರ ಕಫವೂ ಪರೀಕ್ಷೆಗೆ ಹೋಯಿತು. ಬೇರೆ ಯಾರಿಗೂ ಇರಲಿಲ್ಲ. ಆ ವಾರವೇ ಗೋಣಿಚೀಲಗಳು ಕೆಳಗಿಳಿದವು, ಎಳೆ ಎಳೆಯಲು ತಂತಿಯ ಕೊಕ್ಕೆ ಬಂತು.

ಆಮೇಲೆ ಮನೆಗಳು. ಆಶಾ ನನ್ನ ಜೊತೆ ಬರತೊಡಗಿದಳು. ಹೇಗೂ ಹೋಗುತ್ತೀರಿ, ಕಫ ಕೊಡುವ ಕ್ರಮವನ್ನೂ ತೋರಿಸಿ ಎಂದಳು. ಮೊದಲ ಮನೆಯಲ್ಲಿ ಹೊಸ್ತಿಲಲ್ಲೇ ನಿಂತು ಹೇಳಿದೆ. ಹತ್ತನೆಯದರಲ್ಲಿ ಬೈಸಿಕೊಂಡೆ. ಇಪ್ಪತ್ತರ ನಂತರ ಜನ ನನ್ನ ಕಥೆ ಮೊದಲೇ ಕೇಳಿ, ಚಹಾ ಇಟ್ಟು ಕಾಯುತ್ತಿದ್ದರು. ಕೆಲವು ಮನೆಗಳಲ್ಲಿ ನಾನು ಹೊರಟ ಮೇಲೆ ಯಾರಾದರೂ ಹಿಂದೆ ಬಂದು ಮೆಲ್ಲಗೆ, “ನಮ್ಮ ಮನ್ಯಾಗೂ ಒಬ್ಬರು ಕೆಮ್ಮತಾರ್ರಿ,” ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ಎರಡು ರೊಟ್ಟಿ ಹೆಚ್ಚಿಗೆ ಹೋಗುತ್ತಿದ್ದವು.

ಕೊನೆಗೆ ಒಂದು ಮನೆ ಉಳಿಯಿತು. ಆ ಮನೆಯ ಹಿರಿಯ ಹೆಣ್ಣುಮಗಳೇ ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ ಆಡಿಕೊಂಡವಳು. ಅಷ್ಟರಲ್ಲಿ ನಮ್ಮಿಬ್ಬರ ಗುಳಿಗೆಯೂ ಮುಗಿದು, ದವಾಖಾನೆಯಲ್ಲಿ ಪರೀಕ್ಷೆ ಮಾಡಿ ವಾಸಿಯಾಗಿದೆ ಎಂದಿದ್ದರು. ಆ ದಿನ ಕಂಡಿಕೆಯ ಹೆಣ್ಣುಮಗಳು, ನನ್ನನ್ನು ಅಣ್ಣಾ ಎನ್ನುವ ಆ ತಂಗಿ, ತಾನೂ ಬರುತ್ತೇನೆಂದಳು. ನಾನು ಒಂದೂ ಮಾತು ಬಿಡದೆ ಹೇಳಿದೆ, ಗ್ಲಾಸನ್ನೂ ಸೇರಿಸಿ. ಮನೆಯಾಕೆ ತೊಡೆಯ ಮೇಲೆ ಮೊಮ್ಮಗಳನ್ನು ಇಟ್ಟುಕೊಂಡು ನೆಲ ನೋಡುತ್ತ ಕೇಳಿದಳು. ಮುಗಿದ ಮೇಲೆ ಎದ್ದು, “ಚಾ ಇಡ್ತೀನಿ,” ಎಂದವಳು, ಹೋಗುವ ಮೊದಲು ಕೂಸನ್ನು ಬಗ್ಗಿ ನಮ್ಮ ತಂಗಿಯ ಉಡಿಯಲ್ಲಿ ಇಟ್ಟಳು. “ಹಿಡಕೊಳ್ಳ ಒಂದೀಟು. ಒದಿತೈತಿ ನೋಡು.”

ಕೂಸು ಆಕೆಯ ಮೂಗು ಹಿಡಿದು ಎಳೆಯಿತು. ಆಕೆ ಸುಮ್ಮನೆ ಎಳೆಸಿಕೊಂಡಳು. ನಾನು ಬೇರೆ ಕಡೆ ನೋಡಿದೆ.

ಹೊರಗೆ ಬಂದ ಮೇಲೆ ಬಹಳ ದೂರ ನಡೆದು ಆಕೆ ಹೇಳಿದಳು. “ನಾಳೆಯಿಂದ ನಾ ಶೆಡ್ಡಿಗೆ ಬರ್ತೀನಿ. ನಿಮ್ಮ ಕೆಲಸಾ ಮುಗೀತು ಅಣ್ಣಾ.”

“ರಬಕವಿ ಉಳದೈತಿ,” ಎಂದೆ. “ಸಮೀರವಾಡಿ ಕಡೆ ಕಬ್ಬ ಕಡಿಯೋ ಮಂದಿ ಗುಡಿಸಲಾ ಅದಾವು. ಬೀಳಗಿಗೂ ಬರ್ರಿ ಅಂತ ಹೇಳಿಕಳಿಸ್ಯಾರ.”

“ಅಲ್ಲಿಗೆಲ್ಲಾ ನನ್ನ ಸುದ್ದಿ ಮುಟ್ಟಿಲ್ರಿ.”

“ನಂದು ಮುಟ್ಟಲಿ.”

ಆಕೆ ನಿಂತು ನನ್ನನ್ನು ನೋಡಿದಳು. ಕ್ಷಮಿಸಿದೆ ಎಂದು ಆಗಲೂ ಹೇಳಲಿಲ್ಲ, ಈವರೆಗೂ ಹೇಳಿಲ್ಲ, ನಾನೂ ಕೇಳಿಲ್ಲ. “ಬಿಸಲಾಗ ಹೋಗಬ್ಯಾಡ್ರಿ, ಮುಂಜಾನೆ ಬಸ್ಸಿಗೆ ಹೋಗ್ರಿ,” ಎಂದು ಹೇಳಿ ತನ್ನ ಓಣಿಗೆ ತಿರುಗಿದಳು.