ಹದಿಮೂರನೇ ಸಾಲಿನ ಕಂಬ

ಅತ್ತಿಬೆಲೆ ಹತ್ರದ ಆ ಗೋಡೌನ್ ನೆನೆಸ್ಕೊಂಡ್ರೆ ಇವತ್ತಿಗೂ ಮೈಯೆಲ್ಲ ಉರಿಯುತ್ತೆ. ರ್‍ಯಾಕ್‌ಗಳ ನಡುವೆ ಓಡಾಡ್ತಾ ಆರ್ಡರ್ ಬಂದ ಸಾಮಾನು ತೆಗೆದುಕೊಡೋದು ನಮ್ಮ ಕೆಲಸ. ಕೈಯಲ್ಲೊಂದು ಸ್ಕ್ಯಾನರ್, ಫೋನಿನ ಥರಾನೇ ಇರುತ್ತೆ, ನಾವು ಗನ್ ಅಂತಿದ್ವಿ. ಸೂರಲ್ಲಿ ಅಲ್ಲಲ್ಲಿ ವೈಫೈ ಡಬ್ಬಗಳು. ಒಂದು ಡಬ್ಬದಿಂದ ದೂರ ಹೋದ್ರೆ ಗನ್ ತಾನಾಗೇ ಮುಂದಿನ ಡಬ್ಬ ಹಿಡೀಬೇಕು. ಹಿಡೀತಿರಲಿಲ್ಲ ದರಿದ್ರದ್ದು! ಹದಿಮೂರನೇ ಸಾಲಿನ ಕಂಬದ ಹತ್ರ ಹಳೇ ಡಬ್ಬಾನೇ ಕಚ್ಕೊಂಡು, ಪರದೆ ಮೇಲೆ ಚಕ್ರ ತಿರುಗಿಸ್ತಾ ಕೂರೋದು. ಅಷ್ಟು ಹೊತ್ತೂ ನಾವು ಸುಮ್ನೆ ನಿಂತಿದೀವಿ ಅಂತ ಕಂಪ್ಯೂಟರಲ್ಲಿ ನಮ್ಮ ಹೆಸರಿಗೆ ಬೀಳೋದು.

ಅದಕ್ಕೆ ನಾವೆಲ್ಲ ಒಂದು ಕಳ್ಳದಾರಿ ಹುಡುಕ್ಕೊಂಡಿದ್ವಿ. ಕಂಬ ಬರ್ತಿದ್ದ ಹಾಗೆ ಹೆಬ್ಬೆರಳಲ್ಲಿ ವೈಫೈ ಆಫ್ ಮಾಡಿ ಆನ್ ಮಾಡೋದು. ಗನ್ ಆಗಿಂದಾಗ್ಲೇ ಹೊಸ ಡಬ್ಬ ಹಿಡಿಯೋದು. ಸೆಟ್ಟಿಂಗ್ ಮುಟ್ಟಿದೋರನ್ನ ಕೆಲಸದಿಂದ ತೆಗೀತೀವಿ ಅಂತ ಗೋಡೆ ಮೇಲೆ ಅಂಟಿಸಿದ್ರು. ಅಂಟಿಸ್ಲಿ, ಯಾರು ಕೇಳ್ತಾರೆ?

ಕೇಳಿದೋಳು ಒಬ್ಳೇ, ನನ್ನ ಪಕ್ಕದ ಸಾಲಲ್ಲಿದ್ದ ರಾಯಚೂರು ಕಡೆಯ ಅಕ್ಕ. "ಮುಟ್ಟಬ್ಯಾಡ ಅಂದಾರಲ್ಲವ್ವಾ, ನಾ ಯಾಕ ಮುಟ್ಟಲಿ? ತಪ್ಪು ಅವರ ಡಬ್ಬದ್ದು" ಅನ್ನೋಳು. ಚಕ್ರ ನಿಲ್ಲೋವರೆಗೂ ಹಾಗೇ ನಿಂತಿರೋಳು. ಕೊನೆಗೆ ಸೂಪರ್‌ವೈಸರ್, ಆ ದುರಹಂಕಾರಿ, ಎಲ್ಲರ ಮುಂದೆ "ಸೋಮಾರಿ, ನಾಳೆಯಿಂದ ಬರಬೇಡ" ಅಂದ. ಅಕ್ಕ ಜಗ್ಗಲಿಲ್ಲ. "ನನ್ನ ಗನ್ನು ಬ್ಯಾರೇದವರ ಕೈಯಾಗ ಕೊಟ್ಟು ಆ ಕಂಬದ ಮುಂದ ನಡೆಸಿ ನೋಡ್ರಿ ಸರ್" ಅಂದು ನನ್ನ ಕಡೆ ಕೈ ತೋರಿಸಿದ್ಲು.

ಅದನ್ನ ಪರೀಕ್ಷೆ ಮಾಡೋಕೆ ಮಾರನೇ ದಿನ ಇಂಜಿನಿಯರ್ ಬಂದ. ಇಸ್ತ್ರಿ ಅಂಗಿ, ಲ್ಯಾಪ್‌ಟಾಪು. ನಮ್ಮ ಮುಖ ಕೂಡ ನೋಡಲಿಲ್ಲ. ಅಕ್ಕನ ಗನ್ ಹಿಡಿದು ನಾನು ಮುಂದೆ, ಪರದೆ ನೋಡ್ತಾ ಅವನು ಹಿಂದೆ, ಪಕ್ಕದಲ್ಲಿ ಅಕ್ಕ. ಇವತ್ತು ಇವರ ಬಂಡವಾಳ ಬಯಲಾಗ್ಲಿ ಅಂತ ಹಲ್ಲು ಕಚ್ಕೊಂಡೇ ನಡೆದೆ. ಹದಿನಾಲ್ಕನೇ ಸಾಲಿಗೆ ಬಂದ್ರೂ ಗನ್ನಲ್ಲಿ ಚಕ್ರ ತಿರುಗಲಿಲ್ಲ. ಇದೇನಪ್ಪಾ ಅಂತ ಕೈ ನೋಡ್ಕೊಂಡೆ. ಹೆಬ್ಬೆರಳು ಇನ್ನೂ ವೈಫೈ ಗುರುತಿನ ಮೇಲೇ ಇತ್ತು. ಕಂಬ ಬಂದಾಗ ಅದು ತನ್ನ ಪಾಡಿಗೆ ತಾನು ಕೆಲಸ ಮುಗಿಸಿಬಿಟ್ಟಿತ್ತು.

"ಎಲ್ಲೂ ಹ್ಯಾಂಗ್ ಆಗಿಲ್ಲ, ಪರ್ಫೆಕ್ಟ್" ಅಂದ ಇಂಜಿನಿಯರ್. ಸೂಪರ್‌ವೈಸರ್ ನನ್ನ ಕಡೆ ತಿರುಗಿ, "ಏನಮ್ಮಾ, ಏನಾದ್ರೂ ಹೇಳೋದಿದ್ಯಾ?" ಅಂದ. ಸೆಟ್ಟಿಂಗ್ ಮುಟ್ಟಿದೆ ಅಂದ್ರೆ ನನ್ನ ಕೆಲಸಾನೂ ಹೋಯ್ತು. "ಇಲ್ಲ ಸಾರ್" ಅಂದೆ. ಥೂ ನನ್ನ ಜನ್ಮಕ್ಕೆ!

ಗೇಟ್ ತನಕ ಅಕ್ಕನ ಜೊತೆ ಹೋದೆ. "ಕಂಬದ ಹತ್ತರ ನಿನ್ನ ಬೆರಳು ನೋಡಿದ್ನಿ" ಅಂದ್ಲು. ನೋಡಿದ್ರೆ ಅಲ್ಲೇ ಯಾಕೆ ಹೇಳಲಿಲ್ಲ ಅಂತ ನಾನು ಅವಳ ಮೇಲೇ ರೇಗಿದೆ.

"ಹೇಳಿದ್ರ ನಿನ್ನನ್ನೂ ತೆಗೀತಿದ್ರಲ್ಲವ್ವಾ" ಅಂದು, ಬುತ್ತಿ ಚೀಲ ಹೆಗಲಿಗೆ ಹಾಕ್ಕೊಂಡು ಹೊರಟುಹೋದ್ಲು.