ಹೊರಗಿನ ಚಿಲಕ

ನಮ್ಮೂರಿನ ಬೀಗದಕ್ಕ ಎಂಥ ಬೀಗವನ್ನಾದರೂ ರಿಪೇರಿ ಮಾಡುತ್ತಾಳೆ. ಕೋಣೆಗೆ ಹೊರಗಿನಿಂದ ಚಿಲಕ ಹಾಕಿಕೊಡು ಅಂದರೆ ಮಾತ್ರ ಗಿರಾಕಿಗೆ ಬಂದ ದಾರಿ ತೋರಿಸುತ್ತಾಳೆ. ಜನ ತಿಕ್ಕಲು ಅನ್ನುತ್ತಾರೆ. ಅನ್ನಲಿ, ಈ ಜನಕ್ಕೆ ಏನು ಗೊತ್ತು.

ಆಗ ಅವಳಿಗೆ ಹದಿನೈದು. ನಿವೃತ್ತ ಹೆಡ್‌ಮಾಸ್ತರರು ಸಂಜೆ ವಾಕಿಂಗ್ ಹೊರಟರೆ ಊರವರು ಗಡಿಯಾರ ಸರಿಮಾಡಿಕೊಳ್ಳುವಷ್ಟು ಸಪ್ಪೆ ಊರು ಇದು. ಅವಳು ಅಪ್ಪನ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತು, "ಕಳ್ಳರೇ ಇಲ್ಲದ ಊರಿಗೆ ಯಾಕಪ್ಪ ಇಷ್ಟು ಬೀಗ?" ಎನ್ನುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

ಒಂದು ದಿನ ಅಪ್ಪನ ಹೆಬ್ಬೆರಳು ಊದಿತ್ತು. ಸ್ಕ್ರೂ ತಿರುಗಿಸಲು ಮಗಳನ್ನೇ ಮಾಸ್ತರರ ಮನೆಗೆ ಕರೆದೊಯ್ದ. ಹಿತ್ತಲಿಗೆ ತೆರೆಯುವ ಕೋಣೆಯ ಹೊರಚಿಲಕ ಕಿತ್ತುಬಂದು, ಬಾಗಿಲಿಗೆ ಹಗ್ಗ ಬಿಗಿದಿತ್ತು.

"ಹಳೇ ಸಾಮಾನಿದೆ. ಇಲಿ ಕಾಟ," ಎಂದರು ಮಾಸ್ತರರು ದೂರದಿಂದಲೇ.

"ಇಲಿಗೆ ಬಾಗಿಲು ತೆಗೆಯೋಕೆ ಬರುತ್ತಾ ಸಾರ್?"

"ಕೆಲಸ ನೋಡು," ಅಪ್ಪ ಗದರಿದ.

ಅವಳು ಮಂಡಿಯೂರಿ ಮೊದಲ ಸ್ಕ್ರೂ ತಿರುಗಿಸಿದಳು. ಬಾಗಿಲಿನಾಚೆ ಯಾರೋ ಉಸಿರೆಳೆದುಕೊಂಡರು. ಆಮೇಲೆ ಅವಳ ಕಿವಿಯ ಹತ್ತಿರವೇ ಹೆಂಗಸಿನ ಪಿಸುದನಿ ಕೇಳಿಸಿತು: "ಪೂರ್ತಿ ಬಿಗೀಬೇಡಮ್ಮ."

ಮಾಸ್ತರರ ಸೊಸೆ ತವರಿಗೆ ಹೋಗಿದ್ದಾಳೆಂದು ಊರೆಲ್ಲ ನಂಬಿತ್ತು. ಅಪ್ಪನಿಗೂ ಕೇಳಿಸಿತ್ತು, ಆದರೂ ಊದಿದ ಬೆರಳಲ್ಲೇ ಸ್ಕ್ರೂಡ್ರೈವರ್ ಕಸಿದುಕೊಂಡು ಉಳಿದವನ್ನು ಬಿಗಿದ. ಮಾಸ್ತರರು ಬಂದು ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದರು.

"ಇನ್ನೆಷ್ಟು ಮನೇಲಿ ಹಾಕಿದೀಯ?" ದಾರಿಯಲ್ಲಿ ಕೇಳಿದಳು.

"ನಾವು ಚಿಲಕ ಹಾಕೋರು. ಒಳಗೆ ಯಾರಿದಾರೆ ಅಂತ ಕೇಳೋರಲ್ಲ."

ಮನೆಗೆ ಬಂದವಳು ಅಡುಗೆಮನೆ ಪಕ್ಕದ ಕೋಣೆಯೆದುರು ನಿಂತುಬಿಟ್ಟಳು. ಬಾಗಿಲಿನ ಹೊರಮೈಯಲ್ಲಿ, ಬಣ್ಣದಡಿ, ಪುಟ್ಟಿ ತುಂಬಿದ ನಾಲ್ಕು ತೂತುಗಳಿದ್ದವು. ಕ್ಯಾಲೆಂಡರಿನ ಮೊಳೆ ಗುರುತೆಂದು ಇಷ್ಟು ದಿನ ಅಂದುಕೊಂಡಿದ್ದಳು. ಈಗ ಚಿಲಕದ ಅಳತೆ ಬೆರಳಿಗೆ ಗೊತ್ತಿತ್ತು.

"ಅಮ್ಮ, ಇಲ್ಲಿ ಯಾರನ್ನ ಕೂಡಿಹಾಕ್ತಿದ್ರು?"

ಅಮ್ಮ ಒಲೆ ಆರಿಸಿದಳು. "ನನ್ನನ್ನೇ. ನೀನು ಹುಟ್ಟೋಕೆ ಮುಂಚೆ."

"ಆಮೇಲೆ ಅಪ್ಪ ತೆಗೆದ್ನಾ?"

"ಹಾಕಿದ್ದು ನಿಮ್ಮಪ್ಪ. ತೆಗೆದೋಳು ನಾನು, ಹೊರಗೆ ಬಿಟ್ಟ ದಿನ, ಚಾಕು ತುದೀಲಿ. ಇನ್ನೊಂದ್ಸಲ ಹಾಕಿದ್ರೆ ಬೀದೀಲಿ ನಿಂತು ಹೇಳ್ತೀನಿ ಅಂದೆ."

ಹೊರಕೋಣೆಯಲ್ಲಿ ಅಪ್ಪ ಕೀಲಿಗೆ ಅರ ಉಜ್ಜುವ ಸದ್ದು ನಿಂತಿತು. ಹುಡುಗಿ ಸೊಸೆಯ ವಿಷಯ ಹೇಳಿದಳು. ಅಮ್ಮ ಕೇಳಿಸಿಕೊಂಡು ಗಡಿಯಾರ ನೋಡಿದಳು.

"ಮಾಸ್ತರರು ವಾಕಿಂಗ್ ಹೊರಟಿರ್ತಾರೆ. ನಡಿ," ಎಂದು ಚಪ್ಪಲಿ ಮೆಟ್ಟಿದಳು.

ಅಪ್ಪ ಬಾಗಿಲಿಗೆ ಅಡ್ಡ ನಿಂತ. ಅಮ್ಮ ಕೈ ಚಾಚಿದಳು. "ಸ್ಕ್ರೂಡ್ರೈವರ್ ಕೊಡಿ. ಇಲ್ಲಾಂದ್ರೆ ಹೇಳಿ, ಚಾಕು ತರ್ತೀನಿ."

ಕೊನೆಗೆ ಅಪ್ಪ ಜೇಬಿಗೆ ಕೈ ಹಾಕಿದ.

ಮಾಸ್ತರರು ಎಂದಿನ ಹೊತ್ತಿಗೇ ಹಿಂತಿರುಗಿದರು. ಕೋಣೆಯ ಬಾಗಿಲು ಹಾರುಹೊಡೆದಿತ್ತು. ಅವರು ಜಡಿದ ಬೀಗ ಚಿಲಕದ ಸಮೇತ ಹಿತ್ತಲಲ್ಲಿ ಬಿದ್ದಿತ್ತು. ಕೀಲಿ ಅವರ ಜೇಬಲ್ಲೇ ಇತ್ತು.