ಶನಿವಾರದ ಮಂಡಕ್ಕಿ

ನಮ್ಮ ಯಜಮಾನರ ಬಗ್ಗೆ ಹೇಳು ಅಂತೀರಲ್ಲ, ಎಲ್ಲಿಂದ ಶುರು ಮಾಡಲಿ? ನ್ಯಾಮತಿ ಮಿಡ್ಲ್ ಸ್ಕೂಲಿನ ಹೆಡ್ಮಾಸ್ಟ್ರಾಗಿದ್ರು ಅನ್ನೋದು ಊರಿಗೆಲ್ಲ ಗೊತ್ತು. ಅದಕ್ಕೂ ಮುಂಚೆ ಇಂಟರ್ಮೀಡಿಯೆಟ್‌ನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ನಾನು ಡುಮ್ಕಿಯಿಂದಲೇ ಶುರು ಮಾಡ್ತೀನಿ. ಹೆಡ್ಮಾಸ್ಟ್ರು ಎಲ್ಲ ಊರಲ್ಲೂ ಇರ್ತಾರೆ. ಹೆಸರು ಮಾತ್ರ ನನ್ನ ಬಾಯಿಂದ ಬರಲ್ಲ. ಈಗಿನ ಹುಡುಗೇರು ಗಂಡನ್ನ ಹೆಸರು ಹಿಡಿದೇ ಕೂಗ್ತಾರೆ, ಕೂಗಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ನಮ್ಮವ್ವ ಕರೀತಿದ್ದಂಗೆ ಹಾಲೇಶಪ್ಪ ಅಂತ ಒಂದು ಸಲ ಅಂದುಬಿಡ್ತೀನಿ. ಮತ್ತೆ ಕೇಳಬ್ಯಾಡ್ರಿ.

ಅವರ ತಾಯಿ ಭೀಮಕ್ಕ ನ್ಯಾಮತಿಯ ಮಂಡಕ್ಕಿ ಭಟ್ಟೀಲಿ ಕೂಲಿ ಮಾಡ್ತಿದ್ರು. ಕಾದ ಮರಳಲ್ಲಿ ಅಕ್ಕಿ ಹುರಿಯೋ ಕೆಲಸ, ಮೈಯೆಲ್ಲ ಹೊಗೆ, ಕಣ್ಣು ಸದಾ ಕೆಂಪು. ಗಂಡ ಹೋದ ಮೇಲೆ ಮಗನ್ನ ಅದರಲ್ಲೇ ಸಾಕಿದ್ದು. ಹುಡುಗ ಹೈಸ್ಕೂಲು ಚೆನ್ನಾಗಿ ಪಾಸಾದ. ಬಡ ಹುಡುಗ ಅಂತ ಶಿವಮೊಗ್ಗದ ಕಾಲೇಜಲ್ಲಿ ಅರ್ಧ ಫೀ ಮಾಫಿ ಮಾಡಿದ್ರು. ಫೀ ಆಯ್ತು, ಹೊಟ್ಟೆ? ಮಠದ ಹಾಸ್ಟೆಲಲ್ಲಿ ಜಾಗ ತುಂಬಿತ್ತು. ಇನ್ನುಳಿದದ್ದು ವಾರಾನ್ನ. ಅಂದ್ರೆ ಸೋಮವಾರ ಒಬ್ಬರ ಮನೇಲಿ ಊಟ, ಮಂಗಳವಾರ ಇನ್ನೊಬ್ಬರ ಮನೇಲಿ, ಹಿಂಗೆ ದಿನಕ್ಕೊಂದು ಮನೆ ಹಿಡಿದು ಓದೋದು. ಆಗಿನ ಕಾಲಕ್ಕೆ ಎಷ್ಟೋ ಹುಡುಗರು ಹಂಗೇ ಓದಿದ್ದು.

ಹೊರಡೋ ದಿನ ಭೀಮಕ್ಕ ಮಗನಿಗೆ ಒಂದೇ ಬುದ್ಧಿ ಹೇಳಿದ್ರಂತೆ: ಯಾರ ಮನೇಲೂ ಬಿಟ್ಟಿ ಉಣಬ್ಯಾಡ, ಉಂಡು ಕೈ ತೊಳೆದ ಮೇಲೆ ಏನಾದ್ರೂ ಕೆಲಸ ಐತಾ ಅಂತ ಕೇಳು. ಈ ಮಹಾರಾಯರು ಅದನ್ನ ಚಾಚೂ ತಪ್ಪದೆ ನಡೆಸಿದ್ರು. ಕೇಳಿದ ಮೇಲೆ ಕೆಲಸ ಇಲ್ಲ ಅನ್ನೋ ಮನೆ ಎಲ್ಲೈತೆ ಹೇಳ್ರಿ? ನೀರು ಸೇದು, ಮಗೂಗೆ ಮಗ್ಗಿ ಹೇಳಿಕೊಡು, ಸ್ವಲ್ಪ ಅಂಗಡಿ ಕಡೆ ನೋಡ್ಕೋ. ಪರೀಕ್ಷೆ ಹಾಲಲ್ಲಿ ಕೂತಾಗ ಮೂರನೇ ಕ್ಲಾಸಿನ ಪದ್ಯ ಪುಸ್ತಕ ಪೂರ್ತಿ ನೆನಪಿತ್ತಂತೆ, ಕೆಮಿಸ್ಟ್ರಿ ಒಂದಕ್ಷರ ಇರಲಿಲ್ಲವಂತೆ. ಹೇಳಿಸಿಕೊಂಡ ಮಕ್ಕಳೆಲ್ಲ ಪಾಸು, ಹೇಳಿಕೊಟ್ಟೋರು ಫೇಲು. ಕಾಲೇಜಿನ ಮೇಷ್ಟ್ರು ಶ್ರದ್ಧೆ ಸಾಲದು ಅಂದ್ರಂತೆ. ಈಗಲೂ ಆ ಮಾತು ನೆನೆಸಿಕೊಂಡ್ರೆ ನನಗೆ ಮೈ ಉರಿಯುತ್ತೆ.

ಫೇಲಾದ ಮುಖ ಹೊತ್ಕೊಂಡು ನ್ಯಾಮತಿಗೆ ಹೋಗಾಕೆ ನಾಚಿಕೆ. ಅದಕ್ಕೇ ನಮ್ಮೂರು ಹೊನ್ನಾಳಿಗೆ ಬಂದು ಹೊಳೆ ದಂಡೆಯ ಛತ್ರದಲ್ಲಿ ಮಲಗಿ, ಮತ್ತೆ ಪರೀಕ್ಷೆ ಕಟ್ಟೋದು ಅಂತ ಮಾಡಿದ್ರು. ಹೊನ್ನಾಳಿಯೋರಿಗೆ ಇಂಟರ್ ಫೇಲು ಅಂದ್ರೂ ಇಂಟರೇ. ಬಾ ಅಂತ ಆರು ಮನೆಯೋರು ವಾರ ಕೊಟ್ರು. ಅದರಲ್ಲಿ ಗುರುವಾರ ನಮ್ಮನೆ. ನಾನು ರುದ್ರಾಣಿ, ಆಗ ಹನ್ನೆರಡೋ ಹದಿಮೂರೋ ಇರಬೇಕು. ಲೆಕ್ಕ ಅಂದ್ರೆ ನನಗೆ ಜ್ವರ ಬರ್ತಿತ್ತು. ನಮ್ಮವ್ವ ಗಿಡ್ಡಮ್ಮ ಹೆಸರಿಗೆ ಗಿಡ್ಡಿ, ಬಾಯಿ ಮಾತ್ರ ಹೊಳೆ ಆಚೆಗೂ ಕೇಳಿಸೋದು. ಹುಡುಗ ಬಂದ ಮೊದಲ ಗುರುವಾರವೇ ಇವಳಿಗೆ ಒಂದಿಷ್ಟು ಲೆಕ್ಕ ಹೇಳಿಕೊಡಪ್ಪ ಅಂದಳು. ಆಮೇಲೆ ಅಕ್ಕಿ ಆರಿಸಿಕೊಡು ಅಂದಳು. ಆಮೇಲೆ ಮಜ್ಜಿಗೆ ಕಡಿಯೋದೂ ಬಂತು. ವಾರಕ್ಕೊಂದು ದಿನ ತಾನೆ, ಹುಡುಗನ ಗಂಟೇನು ಹೋಗುತ್ತೆ ಅಂತ ಅವಳ ಲೆಕ್ಕಾಚಾರ.

ಮಿಕ್ಕ ಮನೆಗಳಲ್ಲೂ ಅದೇ ರಾಗ. ಭಾನುವಾರದ್ದು ಅಡಿಕೆ ವ್ಯಾಪಾರದ ಶಿವಮೂರ್ತಪ್ಪನೋರ ಮನೆ. ಅವರಿಗೆ ವಯಸ್ಸಾಗಿತ್ತು, ಕಿವಿ ಪೂರಾ ಮಂದ. ಆದ್ರೆ ಯುದ್ಧದ ಸುದ್ದಿ ಕೇಳದಿದ್ರೆ ಉಂಡ ಅನ್ನ ಅರಗದು. ಜರ್ಮನಿಯೋನು ಎಲ್ಲಿಗೆ ಬಂದ, ಜಪಾನಿನೋನು ಎಲ್ಲಿಗೆ ಹೋದ, ಅದರಿಂದ ಅಡಿಕೆ ಧಾರಣೆ ಏನಾಗುತ್ತೆ, ಇಷ್ಟೂ ಬೇಕು. ವಾರದ ಪೇಪರೆಲ್ಲ ಕೂಡಿಟ್ಟು ಭಾನುವಾರ ಓದಿಸೋರು. ಓದೋದೆಲ್ಲಿ ಬಂತು, ಅರಚೋದು. ಸೋಮವಾರ ಇವರ ಗಂಟಲು ಬಿದ್ದು ಹೋಗಿರ್ತಿತ್ತು.

ಕತ್ತಲಾದ ಮೇಲಾದ್ರೂ ಓದ್ಕೋಬೋದಿತ್ತಲ್ಲ ಅಂತೀರಾ? ಯುದ್ಧದ ಕಾಲ ಕಣ್ರೀ. ಸೀಮೆಎಣ್ಣೆಗೆ ರೇಷನ್ನು. ನಮ್ಮಂಥ ಮನೆಗಳಲ್ಲೇ ಸಂಜೆ ಬೇಗ ಉಂಡು ದೀಪ ಆರಿಸ್ತಿದ್ವಿ, ಛತ್ರದಲ್ಲಿ ಮಲಗೋನಿಗೆ ಯಾರು ಎಣ್ಣೆ ಕೊಡ್ತಾರೆ? ಬೆಳಕಿದ್ದಾಗ ಓದಿದ್ರೆ ಓದಿದ್ದು. ಆ ಬೆಳಕನ್ನೆಲ್ಲ ನಾವು ಆರು ಮನೆಯೋರು ಹಂಚ್ಕೊಂಡು ತಿಂದ್ವಿ. ಎರಡನೇ ಸಲವೂ ಫೇಲು.

ಆಗ ಭೀಮಕ್ಕ ಹೇಳಿ ಕಳಿಸಿದ್ರು. ಗಾಡಿ ಬುಡನ್‌ಸಾಬರು ನ್ಯಾಮತಿಯಿಂದ ಹೊನ್ನಾಳಿ ಸಂತೆಗೆ ಮಂಡಕ್ಕಿ ಮೂಟೆ ಹೇರ್ಕೊಂಡು ಬರೋರು, ಅವರ ಬಾಯಲ್ಲೇ ಸುದ್ದಿ. ಭಟ್ಟಿ ಸಾಹುಕಾರ ಒಲೆ ಮುಂದಕ್ಕೆ ಒಬ್ಬ ಗಟ್ಟಿ ಆಳು ಬೇಕು ಅಂತಿದಾನೆ, ಬರೋ ಮಾರ್ಚಿಯ ಪರೀಕ್ಷೆವರೆಗೆ ತಡೆದಿರ್ತೀನಿ, ಆಮೇಲೆ ನನ್ನ ಕೈಲಾಗಲ್ಲ ಮಗನೇ, ಅಂತ. ಬುಡನ್‌ಸಾಬರು ಒಳ್ಳೇ ಮನುಷ್ಯ. ಸುದ್ದಿ ಹೇಳಿ, ಭೀಮಕ್ಕ ಕಳಿಸಿದ ಮಂಡಕ್ಕಿ ಗಂಟು ಕೊಟ್ಟು, ಅದರ ಜೊತೆ ತಮ್ಮದೊಂದೆರಡು ಬಾಳೆಹಣ್ಣೂ ಇಟ್ಟು ಹೋದ್ರಂತೆ. ಮೂರನೇ ಸಲವೂ ಹೋದ್ರೆ ಇವರು ಜೀವಮಾನಪೂರ್ತಿ ಮರಳು ಹುರೀಬೇಕು. ಇದೆಲ್ಲ ನಮಗೆ ಆಗ ಗೊತ್ತಿರಲಿಲ್ಲ. ಕೇಳೋ ಬುದ್ಧಿ ಯಾರಿಗೂ ಬರಲಿಲ್ಲ.

ಹಿಂಗಿರೋವಾಗ, ಸಂಕ್ರಾಂತಿ ಕಳೆದ ಮೇಲೆ, ಒಂದು ಶನಿವಾರ ಅವ್ವನ ಜೊತೆ ಬಟ್ಟೆ ಒಗೆಯಾಕೆ ಹೊಳೆಗೆ ಹೋಗಿದ್ದೆ. ನೋಡ್ತೀನಿ, ನಮ್ಮ ಗುರುವಾರದ ಮೇಷ್ಟ್ರು ಹೊಂಗೆ ಮರದ ಬುಡದಲ್ಲಿ ಕೂತವರೆ. ತೊಡೆ ಮೇಲೆ ಪುಸ್ತಕ, ಪಕ್ಕದಲ್ಲಿ ಬಟ್ಟೆ ಮೇಲೆ ಒಣ ಮಂಡಕ್ಕಿ, ಒಂದು ಹಸಿ ಮೆಣಸಿನಕಾಯಿ. ಒಂದು ಮುಕ್ಕು ಬಾಯಿಗೆ ಹಾಕ್ಕೊಳ್ಳೋದು, ತುಟಿ ಅಲ್ಲಾಡಿಸ್ತಾ ಓದೋದು, ಹೊಳೆ ನೀರು ಕುಡಿಯೋದು. ನಾವು ಹತ್ತಿರ ಹೋದದ್ದೂ ತಿಳೀಲಿಲ್ಲ.

ಇವತ್ತು ಯಾರ ಮನೆ ಊಟ ಅಂತ ಅವ್ವ ಕೇಳಿದಳು. ಶನಿವಾರ ಯಾರದ್ದೂ ಇಲ್ಲ ಅಂದ್ರು. ನಮ್ಮವ್ವ ಎದೆ ಹಿಡ್ಕೊಂಡಳು. ಶನಿವಾರ ಬೇರೆ ಯಾರೋ ಕೊಟ್ಟಿರ್ತಾರೆ ಅಂತ ಆರು ಮನೆಯೋರೂ ಅಂದ್ಕೊಂಡಿದ್ವಿ. ಅಲ್ಲೇ ಹೇಳಿಬಿಟ್ಟಳು, ಇನ್ಮೇಲೆ ಶನಿವಾರನೂ ನಮ್ಮನೆಗೇ ಬಾ, ರೊಟ್ಟಿಗೆ ಬರ ಇಲ್ಲ.

ಇವರು ಎದ್ದು ನಿಂತು ಕೈ ಮುಗಿದ್ರು. ಆಮೇಲೆ ನೆಲ ನೋಡ್ತಾ ಅಂದ್ರು:

"ಬ್ಯಾಡ್ರೀ ಅವ್ವಾರೆ. ಶನಿವಾರನೂ ಉಂಡ್ರೆ ನಾನು ಓದೋದು ಯಾವಾಗ?"

ಅಯ್ಯೋ, ನಮ್ಮವ್ವನ ಮುಖ ನೋಡಬೇಕಿತ್ತು. ಅನ್ನ ಕೊಡ್ತೀನಿ ಅಂದ್ರೆ ಬ್ಯಾಡ ಅಂತಾನಲ್ಲ! ಬಟ್ಟೆ ಅರ್ಧಂಬರ್ಧ ಹಿಂಡಿ ಬುಟ್ಟಿಗೆ ತುಂಬಿ, ದಾರಿ ಉದ್ದಕ್ಕೂ ಬೈದಳು. ಇಂಟರ್ ಓದಿದ ಕೊಬ್ಬು ಅಂದಳು. ಬಿಸಿ ರೊಟ್ಟಿಗಿಂತ ಒಣ ಮಂಡಕ್ಕಿ ಹೆಚ್ಚಾಯ್ತಾ ಅಂದಳು. ಮನೆಗೆ ಬಂದು ರೊಟ್ಟಿ ಬಡಿಯಾಕೆ ಕೂತ ಮೇಲೂ ಬಿಡಲಿಲ್ಲ. ವಾರಕ್ಕೊಂದು ದಿನ ಒಂದು ಗಳಿಗೆ ಲೆಕ್ಕ ಹೇಳಿಕೊಡೋದು ಇವನಿಗೆ ಅಷ್ಟು ಭಾರವಾ ಅಂತ ಹಂಚನ್ನೇ ಕೇಳ್ತಿದ್ದಳು.

ನಾನು ಒಲೆ ಪಕ್ಕ ಕೂತು ಬೆರಳು ಮಡಿಸ್ತಾ ಇದ್ದೆ. ಭಾನುವಾರ ಪೇಪರು ಅರಚೋದು. ಸೋಮವಾರ ಒಂದು ಮನೆ ಮಕ್ಕಳ ಪಾಠ. ಮಂಗಳವಾರ ಇನ್ನೊಂದು ಮನೆ ಮಕ್ಕಳ ಪಾಠ. ಬುಧವಾರ ಅಂಗಡಿ. ಗುರುವಾರ ನಾನೂ ಮಜ್ಜಿಗೆಯೂ. ಶುಕ್ರವಾರ ನೀರು ಸೇದೋದು. ಬೆರಳು ಮುಗಿದ ಮೇಲೆ ಅವ್ವನಿಗೆ ಹೇಳಿದೆ:

"ಅವ್ವಾ, ನಮಗೆ ವಾರಕ್ಕೊಂದು ದಿನ. ಅವರಿಗೆ ದಿನಾ."

ನನ್ನ ಜೀವಮಾನದಲ್ಲಿ ಸರಿಯಾಗಿ ಮಾಡಿದ ಲೆಕ್ಕ ಅದೊಂದೇ ಅಂತ ನಮ್ಮ ಯಜಮಾನ್ರು ಕೊನೇವರೆಗೂ ಛೇಡಿಸ್ತಿದ್ರು. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯ್ತು. ಅದನ್ನ ಎತ್ತಿ ಪಕ್ಕಕ್ಕಿಟ್ಟು, ಸೆರಗಿಂದ ಮುಖ ಒರೆಸಿಕೊಂಡಳು. ಹೊಗೆ ಅಂತ ಹೇಳಿದಳು, ನಾನು ನಂಬಲಿಲ್ಲ.

ಮಾರನೇ ದಿನದಿಂದ ಶುರುವಾಯ್ತು ನೋಡ್ರಿ ಗಿಡ್ಡಮ್ಮನ ದಂಡಯಾತ್ರೆ. ನನ್ನ ಕೈ ಹಿಡ್ಕೊಂಡು ಒಂದೊಂದೇ ಮನೆಗೆ ಹೋದಳು. ಅರಿಶಿಣ ಕುಂಕುಮ ತಗೊಂಡು, ಎಲೆ ಅಡಿಕೆ ಹಾಕ್ಕೊಂಡು, ಆಮೇಲೆ ವಿಷಯ. ಪರೀಕ್ಷೆ ಮುಗಿಯೋವರೆಗೆ ಹುಡುಗ ಬರಬೇಕು, ಉಣಬೇಕು, ಕೈ ತೊಳ್ಕೊಂಡು ಹೋಗಬೇಕು, ಯಾರೂ ಏನೂ ಕೆಲಸ ಹೇಳಬಾರದು. ಒಂದಿಬ್ಬರು ಮೂತಿ ಉಬ್ಬಿಸಿದ್ರು. ಬುಧವಾರದ ಮನೆಯ ನಿರ್ಮಲಮ್ಮ ಮಾತ್ರ ಪಾಪ, ನಮಗೆ ಹೊಳೀಲೇ ಇಲ್ಲವಲ್ಲೇ ಅಂತ ಅತ್ತೇಬಿಟ್ರು. ಕಷ್ಟ ಆಗಿದ್ದು ಶಿವಮೂರ್ತಪ್ಪನೋರ ಹತ್ರ. ಅವರಿಗೆ ವಿಷಯ ಕೇಳಿಸಬೇಕಾದ್ರೆ ಬೀದಿಗೆಲ್ಲ ಕೇಳಿಸಬೇಕು. ಕೇಳಿಸಿದ ಮೇಲೆ ಅವರು, ಹಂಗಾದ್ರೆ ಯುದ್ಧ ನನಗೆ ಯಾರು ಹೇಳ್ತಾರೆ ಅಂದ್ರು. ನಮ್ಮವ್ವ ಹಿಂದೆ ಮುಂದೆ ನೋಡದೆ ನನ್ನನ್ನ ಮುಂದಕ್ಕೆ ದಬ್ಬಿದಳು.

ಅವತ್ತಿಂದ ಪ್ರತಿ ಭಾನುವಾರ ನಾನು ಯುದ್ಧ ಅರಚಿದೆ. ಬರ್ಮಾ, ಇಂಫಾಲ್, ರಷ್ಯಾ, ಬಾಯಿಗೆ ಬಾರದ ಊರುಗಳನ್ನೆಲ್ಲ ನನ್ನಿಷ್ಟ ಬಂದಂಗೆ ಅರಚಿದೆ. ಕಲಿತ ಗಂಟಲು ಮತ್ತೆ ಇಳೀಲಿಲ್ಲ. ರುದ್ರಾಣಿಗೆ ಬಾಯಿ ಜೋರು ಅಂತ ನ್ಯಾಮತಿಯೋರು ಆಡ್ಕೊಳ್ತಾರಲ್ಲ, ಅದು ಯುದ್ಧದಿಂದ ಬಂದದ್ದು.

ಆ ವಾರದ ಗುರುವಾರ ಇವರು ಹೆದರಿಕೊಂಡೇ ಬಂದ್ರು. ತಲೆ ಎತ್ತದೆ ಉಂಡ್ರು. ಕೈ ತೊಳೆದು, ಕಂಬದ ಪಕ್ಕ ನಿಂತು, ಎಂದಿನಂಗೆ ಏನಾದ್ರೂ ಕೆಲಸ ಐತಾ ಅವ್ವಾರೆ ಅಂದ್ರು.

"ಐತೆ," ಅಂದಳು ನಮ್ಮವ್ವ. "ಹೋಗಿ ಓದ್ಕೋ."

ಇವರಿಗೆ ಅರ್ಥ ಆಗಾಕೆ ಸ್ವಲ್ಪ ಹೊತ್ತು ಹಿಡೀತು. ಆಮೇಲೆ ಚಪ್ಪಲಿ ಹುಡುಕಾಕೆ ಹೋಗಿ ಕಣ್ಣು ಮಂಜಾಗಿ ನಮ್ಮಪ್ಪನ ಚಪ್ಪಲಿ ಹಾಕ್ಕೊಂಡು ಹೋದ್ರು. ಅಪ್ಪ ಅವತ್ತು ಬರಿಗಾಲಲ್ಲಿ ಅಂಗಡಿಗೆ ಹೋಗಬೇಕಾಯ್ತು. ಶನಿವಾರದ ಊಟಾನೂ ಶುರುವಾಯ್ತು. ಅವ್ವ ರೊಟ್ಟಿ ಬುತ್ತಿ ಕಟ್ಟಿ ಹೊಂಗೆ ಮರದ ಹತ್ರ ಇಟ್ಟು, ಒಂದು ಮಾತೂ ಆಡದೆ ಬರ್ತಿದ್ದಳು. ನಮ್ಮವ್ವ ಬಾಯಿ ಮುಚ್ಕೊಂಡು ಹಿಂದಕ್ಕೆ ಬರೋದು ಅಂದ್ರೆ ಸಣ್ಣ ಮಾತಲ್ಲ.

ಪರೀಕ್ಷೆಗೆ ಶಿವಮೊಗ್ಗಕ್ಕೆ ಹೊರಟದ್ದು ಇದ್ದಲಿನ ಬಸ್ಸಲ್ಲಿ. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಒಲೆ ಕಟ್ಟಿ ಇದ್ದಲು ಉರಿಸಿ ಓಡಿಸ್ತಿದ್ರು ಆಗ. ದಿಬ್ಬ ಬಂದ್ರೆ ಜನ ಇಳಿದು ನೂಕಬೇಕು. ಬಸ್ಸು ಹೊರಡೋ ಮುಂಚೆಯೇ, ಕಳಿಸಾಕೆ ಬಂದಿದ್ದ ಬುಡನ್‌ಸಾಬರು ಕಂಡಕ್ಟರಿಗೆ ತಾಕೀತು ಮಾಡಿದ್ರಂತೆ, ಈ ಹುಡುಗನ ಕೈಲಿ ನೂಕಿಸಬ್ಯಾಡ್ರಿ, ಪುಸ್ತಕ ಹಿಡ್ಕೊಂಡವ್ನೆ ಅಂತ. ಇವರು ದಾರೀಲೆಲ್ಲ ಓದ್ತಾ ಹೋದ್ರು. ರಿಸಲ್ಟು ಬಂದಾಗ ಮೂರನೇ ದರ್ಜೆ. ನಮ್ಮೂರಲ್ಲಿ ಮೊದಲನೇ ದರ್ಜೆ ಬಂದಂಗೆ ಸಕ್ಕರೆ ಹಂಚಿದ್ರು. ಭೀಮಕ್ಕ ಬುಡನ್‌ಸಾಬರ ಗಾಡೀಲಿ ಒಂದು ಮೂಟೆ ಮಂಡಕ್ಕಿ ಹಾಕಿ ಕಳಿಸಿದ್ರು, ಆರು ಮನೆಗೂ ಪಾಲು. ಸಕ್ಕರೆ ಹಂಚೋದು ಕಂಡು ಶಿವಮೂರ್ತಪ್ಪನೋರು ಯುದ್ಧ ಗೆದ್ದದ್ದು ಯಾರು ಅಂತ ಕೇಳಿದ್ರು, ನಾನು ನಮ್ಮ ಮೇಷ್ಟ್ರು ಅಂತ ಅರಚಿದೆ.

ಕೆಲಸ ಸಿಕ್ತು, ಟ್ರೇನಿಂಗ್ ಆಯ್ತು, ನನ್ನನ್ನ ಮದುವೆ ಆದ್ರು. ನ್ಯಾಮತೀಲಿ ಮನೆ ಮಾಡಿದ ಮೊದಲ ದಿನ ನಾನು ಬಡಿಸಿದೆ, ಉಂಡ್ರು. ಸ್ವಂತ ಮನೆ, ಸ್ವಂತ ಸಂಬಳದ ಅಕ್ಕಿ. ಹಿತ್ತಲಿಗೆ ಹೋಗಿ ಕೈ ತೊಳ್ಕೊಂಡು ಬಂದು, ಕಂಬದ ಪಕ್ಕ ನಿಂತ್ರು. ಹೋಗಲಿಲ್ಲ. ಕೂರಲಿಲ್ಲ.

"ಏನಾದ್ರೂ ಕೆಲಸ ಐತಾ?" ಅಂದ್ರು.

ತಮಾಷೆ ಮಾಡ್ತಾರೆ ಅಂತ ತಲೆ ಎತ್ತಿ ನೋಡಿದೆ. ತಮಾಷೆ ಅಲ್ಲ. ತಾವು ಕೇಳಿದ್ದು ಅವರಿಗೇ ಗೊತ್ತಿರಲಿಲ್ಲ. ಹೆಡ್ಮಾಸ್ಟ್ರಾದ ಮೇಲೂ, ಮೊಮ್ಮಕ್ಕಳು ಬಂದ ಮೇಲೂ, ಕೈ ತೊಳೆದ ಮೇಲೆ ಆ ಮಾತು ಬಾಯಿಗೆ ಬಂದೇ ಬರ್ತಿತ್ತು. ಮಕ್ಕಳು ನಗೋರು. ನಾನು ನಗ್ತಿರಲಿಲ್ಲ. ಮನೇಲಿ ಎಷ್ಟು ಕೆಲಸ ಬಿದ್ದಿದ್ರೂ ಒಂದೇ ಉತ್ತರ ಕೊಡ್ತಿದ್ದೆ, ಐತೆ, ಹೋಗಿ ಓದ್ಕೊಳ್ರಿ ಅಂತ. ಅವರು ಪುಸ್ತಕ ತಗೊಂಡು ಜಗಲಿಗೆ ಹೋಗಿ ಕೂರ್ತಿದ್ರು.